ಐದು ತಾಮ್ರದ ಗುಂಡು ಮತ್ತು ನನ್ನ ಲಗ್ನ

ಕರೆಂಟು, ನೀರು, ಮಂದಿ ಈ ಮೂರೂ ಕೂಡಿದಲ್ಲಿ ಏನಾದರೊಂದು ಆಗಿಯೇ ತೀರುತ್ತದೆ. ನನ್ನ ವಿಷಯದಲ್ಲಂತೂ ಅದು ಆಗದ ದಿನವೇ ಇರಲಿಲ್ಲ. ಕೇಳಿದವರು ಹೊಟ್ಟೆ ಹಿಡಿದು ನಗುತ್ತಾರೆ. ನಗಲಿ. ಆಗ ನನಗೆ ಮಾತ್ರ ಒಮ್ಮೆ ನೀರಿನ ಟಾಕಿಯ ಏಣಿ ಹತ್ತಿದರೆ ಮತ್ತೆ ಕೆಳಗೆ ಇಳಿಯುವುದೇ ಬೇಡ ಅನ್ನಿಸುತ್ತಿತ್ತು.

ಎಪ್ಪತ್ತರ ದಶಕದ ಮಾತು. ಬೈಲಹೊಂಗಲದಲ್ಲಿ ನೀರು ಸರಬರಾಜಿನ ಒಂದು ಕಚೇರಿಯಲ್ಲಿ ನಾನು ರೋಜಂದಾರಿ ವಾಯರ್‌ಮನ್. ಅಂದರೆ, ಬಂದ ದಿನ ಪಗಾರ, ಬಾರದ ದಿನ ಇಲ್ಲ. "ನಾಳೆ ಬಾ" ಅಂದರೆ ನೌಕರಿ ಉಂಟು, ಅನ್ನಲಿಲ್ಲ ಅಂದರೆ ಇಲ್ಲ. ಅದೇ ಊರಿನಲ್ಲಿ ನನ್ನ ಸೋದರಮಾವ ಇದ್ದ, ತಾಲೂಕಿನ ಯಾವುದೋ ಕಚೇರಿಯ ಪಟ್ಟೇವಾಲಾ. ಸಾಹೇಬರ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂಡುವ ಕೆಲಸ, ಆದರೆ ಕಾಯಂ. ಮಾವನ ಪಾಲಿಗೆ ಭೂಮಿಯ ಮೇಲೆ ಇದ್ದವು ಎರಡೇ ಜಾತಿ: ಕಾಯಂ ಆದವರು, ಆಗದವರು. ಅವನ ಮಗಳನ್ನು ನನಗೇ ಕೊಡುವುದೆಂದು ಮನೆಯಲ್ಲಿ ಮೊದಲಿನಿಂದ ಮಾತಾಗಿತ್ತು. ನನಗೂ ಆ ಹುಡುಗಿಯ ಮೇಲೆ ಜೀವ. ಮಾವ ಮಾತ್ರ ಒಂದೇ ಹಟ ಹಿಡಿದಿದ್ದ.

"ಅಕ್ಕನ ಮಗಾ ಅದಿ, ಒಲ್ಲೆ ಅನ್ನಾಂಗಿಲ್ಲ. ಆದ್ರ ಕಾಯಂ ಆಗು. ಕಾಯಂ ಆದ ಮರುದಿನಾನ ಅಕ್ಕಿಕಾಳು ಹಾಕಿ ಲಗ್ನಾ ಮಾಡೂಣು."

ಇಂಥ ಹೊತ್ತಿನಲ್ಲಿ ನಮ್ಮ ಸಾಹೇಬರು ಪುಣೆಗೆ ಹೋಗಿ ಏನೋ ತರಬೇತಿ ಮುಗಿಸಿ ಬಂದರು. ಬರುವಾಗ "ಆಟೋಮ್ಯಾಟಿಕ್" ಅನ್ನುವ ಶಬ್ದ ತಂದರು. ಟಾಕಿಯೊಳಗೆ ಒಂದು ಪೊಳ್ಳು ತಾಮ್ರದ ಗುಂಡು ತೇಲಿಬಿಡುವುದು. ಅದಕ್ಕೆ ಕಟ್ಟಿದ ಹಗ್ಗ ಗಾಲಿಯ ಮೇಲೆ ಹಾದು, ಆಚೆ ಬದಿಗೆ ಒಂದು ಕಬ್ಬಿಣದ ತೂಕಕ್ಕೆ ಕಟ್ಟುವುದು. ನೀರು ಇಳಿದರೆ ಗುಂಡು ಇಳಿಯುತ್ತದೆ, ತೂಕ ಮೇಲೇರಿ ಸ್ವಿಚ್ಚು ಒತ್ತುತ್ತದೆ, ಪಂಪು ಚಾಲೂ. ನೀರು ತುಂಬಿದರೆ ಗುಂಡು ಏರುತ್ತದೆ, ತೂಕ ಕೆಳಗಿಳಿದು ಪಂಪು ಬಂದ್. ಮನುಷ್ಯರು ಕೈ ಹಚ್ಚುವ ಗರಜೇ ಇಲ್ಲ.

"ಐದು ಊರಿಗೆ ಕೂಡಿಸು," ಅಂದರು ಸಾಹೇಬರು. "ತಕರಾರು ಇಲ್ಲದ ನಡದ್ರ, ದೊಡ್ಡ ಸಾಹೇಬ್ರು ನೋಡಲಿಕ್ಕೆ ಬಂದಾಗ ನಿನ್ನ ಹೆಸರು ಕಾಯಂಗೆ ಹೇಳ್ತೀನಿ."

ಹೀಗೆ ನನ್ನ ಲಗ್ನ ಐದು ತಾಮ್ರದ ಗುಂಡುಗಳ ಮೇಲೆ ತೇಲತೊಡಗಿತು.

೧. ತುಂಬಿದ ಗುರುತು

ಮೊದಲ ಗುಂಡು ಸಂಪಗಾಂವ ಬದಿಯ ಒಂದು ಹಳ್ಳಿಗೆ. ಅಲ್ಲಿಯ ಟಾಕಿ ಕಟ್ಟಿದಾಗಿನಿಂದ ದಿನಾ ತುಂಬಿ ಚೆಲ್ಲುತ್ತಿತ್ತು. ಪಂಪಿನವನು ಮೋಟರ್ ಚಾಲೂ ಮಾಡಿ ಚಹಾಕ್ಕೆ ಹೋದರೆ, ತಿರುಗಿ ಬರುವ ಹೊತ್ತಿಗೆ ಟಾಕಿಯ ಬುಡದಲ್ಲಿ ಹಳ್ಳ ಹರಿಯುತ್ತಿತ್ತು. ನಾನು ಸ್ವಿಚ್ಚು ಕೂಡಿಸಿದೆ. ಒಂದು ಹನಿ ಹೊರಗೆ ಬೀಳದಂತೆ ಪಂಪು ತಾನಾಗಿ ನಿಂತಿತು. ಖುಷಿಗೆ ಸೈಕಲ್ ಮೇಲೆ ಹಾಡುತ್ತ ಬೈಲಹೊಂಗಲಕ್ಕೆ ಬಂದೆ.

ವಾರ ತುಂಬುವುದರೊಳಗೆ ಪಂಚಾಯಿತಿಯ ಚೇರಮನ್ನರು ಹೇಳಿ ಕಳಿಸಿದರು: ವಾಯರ್‌ಮನ್ ಬಂದು ಹೋದಾಗಿನಿಂದ ಟಾಕಿ ತುಂಬುತ್ತಿಲ್ಲ.

ಓಡಿಹೋದೆ. ನೋಡಿದರೆ ಟಾಕಿ ಅಂಚಿಗೆ ನಾಲ್ಕು ಬೆರಳು ಬಿಟ್ಟು ಚೊಕ್ಕವಾಗಿ ತುಂಬಿ ನಿಂತಿದೆ. ಬಾಯಲ್ಲಿ ಹೇಳಿದರೆ ಚೇರಮನ್ನರು ನಂಬಲಿಲ್ಲ. ಧೋತರದ ಕಚ್ಚೆ ಬಿಗಿ ಮಾಡಿಸಿ ಅವರನ್ನು ಏಣಿ ಹತ್ತಿಸಿದೆ. ಬಗ್ಗಿ ನೋಡಿದರು, ಕೈ ಅದ್ದಿ ನೋಡಿದರು.

"ತುಂಬೇತಿ ಖರೆ."

"ಮತ್ತ ತಕರಾರು ಯಾಕ್ರಿ?"

"ನಿಮಗ ಗೊತ್ತಾತು, ನನಗ ಗೊತ್ತಾತು. ಊರ ಮಂದೀಗೆ ಹೆಂಗ ಗೊತ್ತಾಗಬೇಕ್ರಿ? ದಿನಾ ಎಲ್ಲಾರೂ ಏಣಿ ಹತ್ತಬೇಕೇನು?"

ಕೆಳಗೆ ಹೆಂಗಸರು ಅರಿವೆಗಂಟು ಹೊತ್ತು ನಿಂತಿದ್ದರು. ಆಗ ನನಗೆ ತಿಳಿಯಿತು. ಆ ಊರಿನವರು ಅರಿವೆ ಒಗೆಯುತ್ತಿದ್ದುದು ಚೆಲ್ಲಿದ ನೀರಿನಲ್ಲಿ, ಎಮ್ಮೆ ಮೈತೊಳೆಯುತ್ತಿದ್ದುದು ಚೆಲ್ಲಿದ ನೀರಿನಲ್ಲಿ. ಸಾಲಿ ಮಾಸ್ತರರ ಮೆಂತೆಪಲ್ಯದ ಮಡಿಯೂ ಚೆಲ್ಲಿದ ನೀರಿನ ಮೇಲೆಯೇ ನಿಂತಿತ್ತು. ನಳದ ನೀರು ಬರೀ ಕುಡಿಯಲಿಕ್ಕೆ. ಒಬ್ಬ ಮುದುಕಿ ನನ್ನನ್ನು ಹತ್ತಿರ ಕರೆದು, "ಕೊಡಾ ಚೆಲ್ಲಿದ್ರ ತುಂಬಿತು ಅಂತೇವಿ. ಕೊಡಕ್ಕ ಒಂದು ನ್ಯಾಯ, ಟಾಕೀಗೆ ಒಂದು ನ್ಯಾಯ ಏನೋ ಯಪ್ಪಾ?" ಅಂದಳು.

ಮರುದಿನ ಯಾರೋ ಪುಣ್ಯಾತ್ಮರು ಗುಂಡಿಗೆ ಕಲ್ಲು ಕಟ್ಟಿ ಮುಳುಗಿಸಿದರು. ಗುಂಡು ಏಳಲೇ ಇಲ್ಲ, ಪಂಪು ನಿಲ್ಲಲೇ ಇಲ್ಲ, ಊರು ಸುಖವಾಯಿತು. ನಾನು ಕಲ್ಲು ಬಿಚ್ಚಲು ಹೋದಾಗ ಚೇರಮನ್ನರು ರಾಜಿ ಮಾತಿಗೆ ಬಂದರು.

"ಹಿಂಗ ಮಾಡ್ರಿ. ಒಂದು ತಾಸು ಚೆಲ್ಲಲಿ, ಆಮ್ಯಾಲ ಬಂದ್ ಆಗಲಿ. ನಿಮ್ಮದೂ ನಡೀತು, ನಮ್ಮದೂ ನಡೀತು."

"ಚೆಲ್ಲಾಕ ಹತ್ತಿದ ಮ್ಯಾಲ ನೀರು ಮತ್ತ ಏರೂದಿಲ್ರಿ. ನೀರು ಏರಲಿಲ್ಲಂದ್ರ ಗುಂಡು ಏರೂದಿಲ್ಲ. ತಾಸು ಆತು ಅಂತ ಗುಂಡಿಗೆ ಹೆಂಗ ತಿಳೀಬೇಕ್ರಿ?"

ಚೇರಮನ್ನರು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಅದಕ್ಕ ನೀವ ಸಮಾಧಾನಲೆ ತಿಳಿಸಿ ಹೇಳ್ರಿ. ಸರಕಾರದ್ದು ಐತಿ, ನಿಮ್ಮ ಮಾತು ಕೇಳತೈತಿ."

೨. ಒಲಿದ ದೇವರು

ಎರಡನೆಯದು ಸವದತ್ತಿ ಕಡೆಯ ಹಳ್ಳಿ. ಅಲ್ಲಿ ಸ್ವಿಚ್ಚು ತಿಂಗಳುಗಟ್ಟಲೆ ಚೊಲೋ ನಡೆಯಿತು. ಅಷ್ಟರಲ್ಲಿ ದಸರೆಯ ಖಂಡೇಪೂಜೆ ಬಂತು.

ಖಂಡೇಪೂಜೆಯ ದಿನ ಯಾವ ಉಪಕರಣವನ್ನೂ ದುಡಿಸುವಂತಿಲ್ಲ. ಕುಡಗೋಲಿನಿಂದ ಹಿಡಿದು ಮೋಟರಿನ ತನಕ ಎಲ್ಲಕ್ಕೂ ಅಂದು ರಜೆ, ಪೂಜೆ, ನೈವೇದ್ಯ. ಹೊಸ ಪಂಪಿನ ಮೊದಲ ಪೂಜೆ ಅಂತ ನಮ್ಮ ಸಾಹೇಬರನ್ನೇ ಕರೆಸಿದ್ದರು. ಬಿಳೀ ಬುಶ್‌ಕೋಟು, ಬಿಳೀ ಪ್ಯಾಂಟು ತೊಟ್ಟು ಬಂದರು. ಮೋಟರಿಗೆ ಬಾಳೆಕಂಬ, ಅದರ ಗಾಲಿಗೆ ಚೆಂಡುಹೂವಿನ ಮಾಲೆ, ಅದರ ಮೇಲೆ ಅರಿಸಿನದ ಭಂಡಾರ, ಕುಂಕುಮ ಅಂಗೈಗಟ್ಟಲೆ.

ನಾನು ಪಂಪಿನವನ ಕಿವಿಯಲ್ಲಿ ಹೇಳಿದೆ. "ಫ್ಯೂಜ್ ತಗದೀಯಿಲ್ಲೋ? ಅದು ಆಟೋಮ್ಯಾಟಿಕ್. ತನಗ ಬೇಕಾದಾಗ ಚಾಲೂ ಆಗತೈತಿ."

"ಫ್ಯೂಜ್ ತಗೀಬೇಕಂದ್ರ ಮಶೀನ್ ಮುಟ್ಟಬೇಕಲ್ರಿ. ಇವತ್ತ ಮುಟ್ಟಾಂಗಿಲ್ರಿ."

"ಹಂಗಾದ್ರ ನಾನರೆ ತಗೀತೇನಿ, ಬಾಜೂಕ ಸರಿ."

"ಏ, ಚಪ್ಪಲ್ ಹಾಕ್ಕೊಂಡು ಎಲ್ಲಿ ಬರ್ತೀರಿ! ಮಡಿ ಆಗೇತ್ರಿ ಒಳಗ!"

ಅಂದು ಊರಿಗೆ ಊರೇ ಚಕ್ಕಡಿ ತೊಳೆದಿತ್ತು, ನೇಗಿಲು ತೊಳೆದಿತ್ತು, ಎತ್ತು ತೊಳೆದಿತ್ತು. ಟಾಕಿಯ ನೀರು ಇಳಿಯುತ್ತ ಹೋದದ್ದು ಯಾರ ಲಕ್ಷ್ಯಕ್ಕೂ ಬರಲಿಲ್ಲ. ಪೂಜಾರಿ ಗಂಟೆ ಬಾರಿಸುತ್ತ, ಕಣ್ಣು ಮುಚ್ಚಿ, "ಪ್ರಸನ್ನ ಆಗು ತಾಯೀ" ಅಂದ. ಸಾಹೇಬರು ಮೋಟರಿನ ಎದುರಿಗೇ ಕೈಮುಗಿದು ನಿಂತಿದ್ದರು. ಟಕ್ ಅಂತ ಸಪ್ಪಳವಾಯಿತು.

ಮೋಟರ್ ಗುಡುಗಿತು. ಮಾಲೆ ಗಿರಗಿರ ತಿರುಗಿ ಹರಿದು ಚೆಂಡುಹೂವು ಗೋಡೆಗೋಡೆಗೆ ಬಡಿದವು. ಭಂಡಾರ, ಕುಂಕುಮ ಎರಡೂ ಒಮ್ಮೆಲೇ ಎದ್ದು ಸಾಹೇಬರ ಮೈಮೇಲೆ ಇಳಿದವು. ಹೊಗೆಯಂಥ ಪುಡಿ ಅಡಗಿದ ಮೇಲೆ ನೋಡಿದರೆ ಎದುರಿಗೆ ಒಬ್ಬ ಹಳದಿ ಮನುಷ್ಯ ನಿಂತಿದ್ದ, ಕೈ ಇನ್ನೂ ಮುಗಿದೇ ಇದ್ದವು. ಪಂಪಿನವ ಉದ್ದಕ್ಕೆ ಅಡ್ಡಬಿದ್ದಿದ್ದ. ಸಾಹೇಬರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು. ಆ ನೋಟದಲ್ಲಿ ನನ್ನ ಅಕ್ಕಿಕಾಳು ಉದುರಿಹೋದವು.

ಪೂಜಾರಿ ಮಾತ್ರ ಕಣ್ಣೊಳಗಿನ ಕುಂಕುಮ ಒರೆಸಿಕೊಳ್ಳುತ್ತ ಆನಂದದಿಂದ ನಡುಗುತ್ತಿದ್ದ. "ಬುದ್ಧಿ ಬಂದಾಗಿಂದ ಪೂಜಿ ಮಾಡಾಕ ಹತ್ತೇನ್ರಿ ಸಾಹೇಬ್ರ. ಇಷ್ಟ ಲಗೂ ಒಲದದ್ದು ಇದೊಂದ ದೇವರು!"

೩. ಒದ್ದೆ ನೂಲು

ಮಾವನಿಗೆ ಸುದ್ದಿ ನನಗಿಂತ ಮುಂಚೆ ಮುಟ್ಟಿತ್ತು. "ಸಾಹೇಬನ ಮೈಗೆ ಭಂಡಾರ ಹಾರಿಸಿ ಕಾಯಂ ಆದವರನ್ನ ನಾ ನೋಡಿಲ್ಲಪಾ," ಅಂದ. ಹುಡುಗಿ ಅಡುಗೆಮನೆಯಲ್ಲಿ ಕಿಸಕ್ಕನೆ ನಕ್ಕಳು. ನನಗೆ ಅಳು ಬಂತು.

ರಾಮದುರ್ಗದಲ್ಲಿ ನೇಕಾರರ ಓಣಿಯ ಟಾಕಿಗೆ ಕೆಲಸ ಬಂದಾಗ ಗೋದಾಮಿನಲ್ಲಿ ವಾಯರೇ ಇರಲಿಲ್ಲ. ಯಾವಾಗ ಬರುತ್ತದೆ ಅಂದರೆ, ಬಂದಾಗ ಬರುತ್ತದೆ ಅಂದರು. ನಾನು ಒಂದು ಉಪಾಯ ಮಾಡಿದೆ. ಟಾಕಿಯ ಮೇಲೆ ಇರಬೇಕಾದ ಸ್ವಿಚ್ಚನ್ನು ಪಂಪಿನ ಕೋಣೆಯಲ್ಲೇ ಕೂಡಿಸಿ, ಗುಂಡಿನ ಹಗ್ಗವನ್ನು ಗಾಲಿಗಳ ಮೇಲೆ ಬಯಲು ದಾಟಿಸಿ ಅಲ್ಲಿಯ ತನಕ ಎಳೆದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ.

ನೇಕಾರರ ಓಣಿಯಲ್ಲಿ ಒಳ್ಳೇ ಬಿಸಿಲಿನಲ್ಲಿ ಒಂದು ಬಿಗಿಯಾದ ಹಗ್ಗ ಸುಮ್ಮನೆ ಖಾಲಿ ಇರುತ್ತದೆ ಅಂತ ನಾನು ಹೇಗೆ ತಿಳಿದುಕೊಂಡೆನೋ! ಮೂರನೆಯ ದಿನ ಹೋದರೆ ಕೆಂಪು, ಹಸಿರು, ಅರಿಸಿನ ಬಣ್ಣದ ನೂಲಿನ ಲಡಿಗಳು ಸಾಲಾಗಿ ಆ ಹಗ್ಗದ ಮೇಲೆ ನೀರು ಸುರಿಸುತ್ತ ಒಣಗುತ್ತಿದ್ದವು. ಒದ್ದೆ ನೂಲಿನ ಭಾರಕ್ಕೆ ಹಗ್ಗ ಜೋತು, ತೂಕ ಮೇಲೆ ಜಗ್ಗಿ, ಪಂಪು ಒಂದೇಸವನೆ ಓಡುತ್ತಿತ್ತು. ನೂಲು ಒಣಗಿ ಹಗುರಾದ ಮೇಲೆ ಅದು ತಾನೇ ನಿಂತಿತು. ಓಣಿಯವರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ನೂಲು ಹಾಕಿದರೆ ನೀರು ಬರುತ್ತದೆ ಅಂತ ಅವರು ಆಗಲೇ ಕಂಡುಕೊಂಡಿದ್ದರು, ಮನೆಮನೆಗೆ ಪಾಳಿ ಹಚ್ಚಿದ್ದರು.

ನಾನು ಕೂಗಾಡಿ ಎಲ್ಲ ಲಡಿ ತೆಗೆಸಿದೆ. ತೆಗೆಸಿದರೆ ಇನ್ನೊಂದು ಪೀಕಲಾಟ. ಭಾರಕ್ಕೆ ಜಗ್ಗಿ ಹಗ್ಗ ಉದ್ದವಾಗಿಬಿಟ್ಟಿತ್ತು. ಈಗ ಟಾಕಿ ಬರಿದಾದರೂ ತೂಕ ಏಳುವುದಿಲ್ಲ, ಪಂಪು ಚಾಲೂ ಆಗುವುದಿಲ್ಲ. ಎಷ್ಟು ಬಿಗಿದು ಕಟ್ಟಿದರೂ ಮತ್ತೆ ಜೋಲುತ್ತಿತ್ತು; ಬೇರೆ ಹಗ್ಗಕ್ಕೆ ಗೋದಾಮಿಗೆ ಹೋಗಬೇಕು. ಬೇಸತ್ತು ನಾನೇ ಹೇಳಿದೆ, "ಹೊಸಾ ಹಗ್ಗ ಬರೋತನಕಾ ನೀರು ಬೇಕಾದಾಗ ಒದ್ದಿ ನೂಲು ಹಾಕ್ಕೋರಿ ಮಾರಾಯ್ರ್ಯಾ."

ಮರುದಿನ ಬಸ್ಸು ಇಳಿಯುವುದರೊಳಗೆ ಒಬ್ಬ ನೇಕಾರ ಹೆಣ್ಣುಮಗಳು ಖಾಲಿ ಕೊಡ ನಡುವಿಗಿಟ್ಟು ಎದುರಾದಳು. ಟಾಕಿ ಪೂರ್ತಿ ಬರಿದಾಗಿತ್ತು.

"ನೀರು ಬೇಕಂದ್ರ ನೂಲು ತೋಯಿಸಿ ಹಾಕ್ರಿ ಅಂತ ಹೇಳಿ ಹ್ವಾದಿ. ನೂಲು ತೋಯಿಸಾಕ ನೀರು ಎಲ್ಲಿಂದ ತರೂದೋ ತಮ್ಮಾ?"

೪. ಎರಡು ಬಟ್ಟಲು

ಕಿತ್ತೂರು ಕಡೆಯ ಹಳ್ಳಿಯಲ್ಲಿ ನನಗೆ ಯಾರೂ ಕೆಟ್ಟದ್ದು ಮಾಡಲಿಲ್ಲ. ಅಲ್ಲಿಯ ಪಂಪಿನವನಂಥ ಸಜ್ಜನ ಸಿಗುವುದು ಕಷ್ಟ. ದೊಡ್ಡ ಸಾಹೇಬರು ತಪಾಸಣೆಗೆ ಬರುತ್ತಾರೆ ಅಂತ ಕಿವಿಗೆ ಬಿದ್ದದ್ದೇ, ಗುಂಡು ಪಾಚಿಗಟ್ಟಿ ಕರ್ರಗಾದದ್ದು ನೋಡಿ ಅವನಿಗೆ ನಾಚಿಕೆಯಾಯಿತಂತೆ. ನನ್ನ ಮರ್ಯಾದೆ ಉಳಿಸಬೇಕೆಂದು ಗುಂಡು ಬಿಚ್ಚಿ, ಹುಣಸೆಹಣ್ಣು ಹಚ್ಚಿ ತಿಕ್ಕಲು ತಾಯಿಯ ಕೈಗೆ ಕೊಟ್ಟ.

ಗುಂಡಿಲ್ಲದ ಮೇಲೆ ತೂಕ ಕೆಳಗೇ ಬಿತ್ತು, ಪಂಪು ಸತ್ತಂತೆ ಮಲಗಿತು, ಊರಿಗೆ ನೀರಿಲ್ಲ. ನಾನು ಅವರ ಮನೆಗೆ ಓಡಿದೆ. ಮುದುಕಿ ಕಟ್ಟೆಯ ಮೇಲೆ ಕೂತಿದ್ದಳು.

"ಅವ್ವಾ, ಗುಂಡು ಎಲ್ಲೈತಿ?"

"ಕುಂದ್ರು ಯಪ್ಪಾ. ತಿಕ್ಕಿದೆ, ಬಂಗಾರಧಂಗ ಆತು. ಆದ್ರ ಏನ ಮಾಡೂದು, ಅದಕ್ಕ ಬಾಯೇ ಇಲ್ಲ! ಯಾವನೋ ಕೈಲಾಗದವಾ ಮಾಡ್ಯಾನ. ಒಂದು ಕಾಳು ತುಂಬಾಕ ಬರೂದಿಲ್ಲ, ಹನಿ ನೀರು ಹಿಡಿಯೂದಿಲ್ಲ. ಓಣ್ಯಾಗ ಭಾಂಡೆ ಬೆಸೆಯಾಂವ ಬಂದಿದ್ದ. ಅವನ ಕಡಿಂದ ನಟ್ಟನಡುವ ಕೊಯ್ಸಿದೆ."

ಒಳಗೆ ಹೋಗಿ ಸೆರಗಿನಲ್ಲಿ ಒರೆಸುತ್ತ ಎರಡು ತಾಮ್ರದ ಬಟ್ಟಲು ತಂದಳು. ಫಳಫಳ ಹೊಳೆಯುತ್ತಿದ್ದವು. ನಾನು ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕೂತೆ. ಮುದುಕಿಗೆ ನನ್ನ ಮೇಲೆ ಕರುಣೆ ಬಂತು.

"ಮಗಾ ಎಲ್ಲಾ ಹೇಳ್ಯಾನ. ಕಾಯಂ ಆದ ಮ್ಯಾಲ ನಿನ್ನ ಲಗ್ನ ಅಂತಲ್ಲಾ," ಅಂತ ಒಂದು ಬಟ್ಟಲು ನನ್ನ ಕೈಗಿಟ್ಟಳು. "ಒಂದು ನನಗಿರಲಿ. ಇದು ನಿನಗ ಲಗ್ನದ ಆಯೇರಿ."

೫. ಕಾಯಂ

ಉಳಿದದ್ದು ದೊಡವಾಡದ ಬದಿಯ ಒಂದೇ ಒಂದು ಟಾಕಿ. ಸಾಹೇಬರು ಖಡಾಖಡಿ ಹೇಳಿದರು: "ಇದೊಂದರೆ ನಡೀಬೇಕು. ಇಲ್ಲಂದ್ರ ನಾಳಿಂದ ಬರಬ್ಯಾಡ." ಒಳ್ಳೇ ಸುದ್ದಿಯ ಹಾಗೆ ಇನ್ನೊಂದು ಮಾತನ್ನೂ ಸೇರಿಸಿದರು: ಸ್ವಿಚ್ಚು ನಡೆದರೆ ಆ ಊರಿನ ಪಂಪಿನವನನ್ನು ತೆಗೆದುಬಿಡುವುದು, ಆಟೋಮ್ಯಾಟಿಕ್ ಆದ ಮೇಲೆ ಅವನೇಕೆ?

ಆ ಪಂಪಿನವ ನನ್ನ ವಾರಿಗೆಯ ಹುಡುಗ. ನನ್ನ ಹಾಗೆಯೇ ರೋಜಂದಾರಿ. ಅವನ ಮನೆಯ ರೊಟ್ಟಿ ತಿಂದು, ಅವನ ಪಂಪಿಗೆ ನಾನು ಸ್ವಿಚ್ಚು ಕೂಡಿಸುತ್ತಿದ್ದೆ. ನನ್ನ ಲಗ್ನಕ್ಕಾಗಿ ಅವನ ಹೊಟ್ಟೆಯ ಮೇಲೆ ಹೊಡೆಯಬೇಕಾಗಿ ಬಂದಿತ್ತು. ಕೈಯಲ್ಲಿದ್ದ ರೊಟ್ಟಿ ತಾಟಿಗಿಟ್ಟು ಎಲ್ಲ ಹೇಳಿಬಿಟ್ಟೆ. ಇನ್ನೇನು ಗುಂಡು ಕಿತ್ತು ಬಾವಿಗೆ ಒಗೆಯುತ್ತಾನೆ ಅಂದುಕೊಂಡೆ.

ಅವನು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದ. "ನನಗ ಹೊಲದಾಗ ಕೆಲಸ ಸಿಗತೈತಿ ಅಣ್ಣಾ. ನಿನಗ ಮಾವನ ಮಗಳು ಇನ್ನೊಬ್ಬಾಕಿ ಇಲ್ಲಲ್ಲ. ನೀ ಕೂಡ್ಸು. ದೊಡ್ಡ ಸಾಹೇಬ್ರು ಬರೋತನಕಾ ನಾ ಕಾಯ್ತೇನಿ."

ಹಾಗೆ ಅಂದವ, ಅಂದಂತೆ ನಡೆದ. ದಿನಾ ಬೆಳಗಾದರೆ ಒಂದು ಬಡಿಗೆ ಹಿಡಿದು ಏಣಿಯ ಬುಡದಲ್ಲಿ ಕೂಡುತ್ತಿದ್ದ. ಒಂದು ಪಿಳ್ಳೆಯೂ ಹತ್ತಿರ ಸುಳಿಯಲಿಲ್ಲ. ಊರ ಹಿರಿಯರೊಬ್ಬರು ಗುಂಡು ಹೇಗಿದೆ ನೋಡಿಬರುತ್ತೇನೆ ಅಂದರೆ ಅವರಿಗೂ ಬಡಿಗೆ ಅಡ್ಡ ಹಿಡಿದ. ನೀರು ಇಳಿದರೆ ಪಂಪು ಚಾಲೂ, ತುಂಬಿದರೆ ಬಂದ್. ನೋಡಿ ನೋಡಿ ನನ್ನ ಕಣ್ಣು ತುಂಬಿ ಬರುತ್ತಿತ್ತು. ಬೈಲಹೊಂಗಲದಲ್ಲಿ ಮಾವ ಭಟ್ಟರನ್ನು ಕರೆಸಿ ಪಂಚಾಂಗ ತೆಗೆಸಿದ.

ದೊಡ್ಡ ಸಾಹೇಬರು ಜೀಪಿನಲ್ಲಿ ಬಂದರು. ಎಲ್ಲರೂ ಟಾಕಿಯ ಸುತ್ತ ನಿಂತೆವು. ನಾನು ದೇವರನ್ನು ನೆನೆಯುತ್ತಿದ್ದೆ. ನೀರು ಏರಿತು, ಗುಂಡು ಏರಿತು, ಟಕ್ ಅಂತು, ಪಂಪು ನಿಂತಿತು. ಜನ ಚಪ್ಪಾಳೆ ತಟ್ಟಿದರು. ದೊಡ್ಡ ಸಾಹೇಬರು ನಳ ಬಿಡಿಸಿ ನೀರು ಇಳಿಸಿ ನೋಡಿದರು. ಪಂಪು ಮತ್ತೆ ತಾನೇ ಚಾಲೂ ಆಯಿತು.

"ಭೇಷ್! ಉಳದ ನಾಲ್ಕೂ ಕೆಟ್ಟು ಕೂತಾವ. ಇದೊಂದ ಇಷ್ಟು ಛಲೋ ಹೆಂಗ ನಡದದ?"

ನಮ್ಮ ಸಾಹೇಬರು ಬಾಯಿ ತೆರೆಯುವುದರೊಳಗೆ ಪಂಪಿನ ಹುಡುಗ ಬಡಿಗೆ ಬಗಲಲ್ಲಿಟ್ಟು ಕೈಮುಗಿದ. ನನ್ನ ಹೆಸರಿಗೆ ನಾಲ್ಕು ಒಳ್ಳೆಯ ಮಾತು ಆಡಬೇಕೆಂದೇ ಅವನ ಮನಸ್ಸಿನಲ್ಲಿತ್ತು. ಅದರಲ್ಲಿ ಸಂಶಯವಿಲ್ಲ.

"ಈ ಅಣ್ಣಾ ಕೂಡಿಸಿದ್ದು ತನ್ನಷ್ಟಕ್ಕ ತಾನ ನಡೀತೈತ್ರಿ ಸಾಹೇಬ್ರ. ಯಾರೂ ಕೈ ಹಚ್ಚೂದ ಬ್ಯಾಡ್ರಿ. ಯಾರೂ ಕೈ ಹಚ್ಚಬಾರದಂತ ನಾ ಮುಂಜಾನಿಂದ ಸಂಜೀತನಾ ಕಾಯ್ತೇನ್ರಿ."

ದೊಡ್ಡ ಸಾಹೇಬರು ಅವನ ಬೆನ್ನು ತಟ್ಟಿದರು. "ನೋಡ್ರಿ, ಮಶೀನಿನಾಗ ದೋಷ ಇಲ್ಲ. ಕಾಯುವವರು ಇಲ್ಲದ್ದಕ್ಕ ಉಳದವು ಕೆಟ್ಟಾವ. ಆಟೋಮ್ಯಾಟಿಕ್ ಅಂದ ಮ್ಯಾಲ ಒಬ್ಬ ಮನುಷ್ಯಾ ಬೇಕ ಬೇಕು. ಈ ಹುಡುಗನ್ನ ಕಾಯಂ ಮಾಡ್ರಿ."

ನಮ್ಮ ಸಾಹೇಬರು ಮೆಲ್ಲಗೆ ನನ್ನ ಕಡೆ ಬೊಟ್ಟು ಮಾಡಿದರು. "ಇಂವಾ ವಾಯರ್‌ಮನ್ ರೀ ಸರ್. ರೋಜಂದಾರಿ ಇದ್ದಾನ. ಇವನ ಹೆಸರೂ..."

"ಇವನ ಕೆಲಸ ಮುಗೀತಲ್ಲ? ಇಷ್ಟು ಛಲೋ ಕೂಡಿಸಿದ ಮ್ಯಾಲ ಇನ್ನ ಕೆಡೂದಿಲ್ಲ. ವಾಯರ್‌ಮನ್ ಯಾಕ ಬೇಕು?" ಅಂದು ಜೀಪು ಹತ್ತಿದರು.

ಪಂಪಿನ ಹುಡುಗ ನನ್ನ ಕೈ ಹಿಡಿದು ಅಳತೊಡಗಿದ. ಅವನನ್ನು ಸಮಾಧಾನ ಮಾಡುವ ಕೆಲಸವೂ ನನಗೇ ಬಂತು. ಬಸ್ಸು ಹಿಡಿದು ನೆಟ್ಟಗೆ ಮಾವನ ಮನೆಗೆ ಹೋದೆ. ಅತ್ತಿ ಚಹಾ ತಂದಿಟ್ಟಳು. ಹುಡುಗಿ ಬಾಗಿಲ ಮರೆಯಲ್ಲಿ ನಿಂತಳು. ಇದ್ದದ್ದು ಇದ್ದಂತೆ ಎಲ್ಲ ಹೇಳಿದೆ. ತಾಯಿಯ ತಮ್ಮ, ಒಂದು ಸಮಾಧಾನದ ಮಾತಾದರೂ ಆಡಿಯಾನು ಅಂತ ಅವನ ಮುಖ ನೋಡುತ್ತ ಕೂತೆ.

ಮಾವ ಬಸಿಯಲ್ಲಿದ್ದ ಚಹಾ ಪೂರ್ತಿ ಕುಡಿದು ಕೆಳಗಿಟ್ಟ.

"ಅಂದ್ರ ಈಗ ನೀ ರೋಜಂದಾರಿನೂ ಅಲ್ಲ."

"ಅಲ್ಲ ಮಾವಾ."

"ಆ ಪಂಪಿನ ಹುಡುಗ ಕಾಯಂ."

"ಹೂಂ ಮಾವಾ. ಪಿಂಚಣಿ ಸುದ್ದಾ ಐತಂತ."

ಮಾವ ಒಮ್ಮೆ ಬಾಗಿಲ ಕಡೆ ನೋಡಿದ, ಒಮ್ಮೆ ಭಟ್ಟರು ಬಿಟ್ಟುಹೋಗಿದ್ದ ಪಂಚಾಂಗದ ಕಡೆ ನೋಡಿದ. ಆಮೇಲೆ ನನ್ನ ಹತ್ತಿರ ಸರಿದು, ದನಿ ತಗ್ಗಿಸಿ ಕೇಳಿದ.

"ಆ ಹುಡುಗ ಯಾರ ಪೈಕಿ? ಲಗ್ನ ಆಗೇತೇನು?"